ಚೇಂಬರ್ ಕೆಳಗಿನ ಹನಿ: ಎಂಜಿನ್ ಆಯಿಲ್ ಎಲ್ಲಿಂದ ಸೋರತೈತಿ ಅಂತ ಹುಡುಕೋದು

ಮೆಕ್ಯಾನಿಕಲ್ ಓದೋ ನಮ್ಮ ಗೆಳೆಯರಿಗೆ ಓಟೊ ಸೈಕಲ್‌ನ ಪಿ-ವಿ ಚಿತ್ರ ಬರೀ ಅಂದರೆ ಕಣ್ಣುಮುಚ್ಚಿ ಬರೆಯುತ್ತಾರೆ. ಅದೇ ಗೆಳೆಯರನ್ನು ಒಂದು ಹಳೇ ಗಾಡಿ ಮುಂದೆ ನಿಲ್ಲಿಸಿ, "ಕೆಳಗ ಎಣ್ಣೆ ಬಿದ್ದೈತಿ, ಎಲ್ಲಿಂದ ಬಂತು ಹೇಳ್ರಪಾ" ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಪ್ರಶ್ನೆ ಯಾವ ಪತ್ರಿಕೆಯಲ್ಲೂ ಹತ್ತು ಮಾರ್ಕಿಗೆ ಬರುವುದಿಲ್ಲ. ಆದರೆ ಊರಲ್ಲಿ ಅಪ್ಪ, ಕಾಕಾ, ಮಾಮಾ ಎಲ್ಲರೂ "ನೀ ಎಂಜಿನಿಯರ್ ಆಗಾವ, ನೋಡಪಾ" ಅಂತ ಕೇಳುವುದು ಇದನ್ನೇ. ಹಂಗಾಗಿ ಈ ಸಲದ ಸಂಚಿಕೆಗೆ ನಾವು ಆಯಿಲ್ ಸೋರಿಕೆಯನ್ನೇ ಪಾಠ ಮಾಡಿಕೊಂಡಿದ್ದೇವೆ. ಉದಾಹರಣೆಗೆ ಬೇರೆ ಎಲ್ಲೂ ಹೋಗಬೇಕಾಗಿಲ್ಲ, ಖಾನಾಪುರ ತಾಲೂಕಿನ ಒಂದು ಹಳೇ ಆಲ್ಟೊ ಸಾಕು.

ಗಾಡಿ ನಮ್ಮ ಬಳಗದ ಒಬ್ಬ ಗೆಳೆಯನ ಮನೆಯದು. ಊರು ನಂದಗಡದ ಸಮೀಪ. 796 ಸಿಸಿ, ಮೂರು ಸಿಲಿಂಡರ್, ಹದಿನೈದು ವರ್ಷ ದಾಟಿದ ಗಾಡಿ. ಮೊದಲು ಅದರ ಓಡಾಟ ಊರಿಂದ ಖಾನಾಪುರಕ್ಕೆ, ಖಾನಾಪುರದಿಂದ ಊರಿಗೆ, ಇಷ್ಟೇ. ಹೋದ ವರ್ಷದಿಂದ ಗೆಳೆಯನ ಆಯಿಗೆ ವಾರಕ್ಕೆ ಎರಡು ಸಲ ಬೆಳಗಾವಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್, ಊರಿಂದ ಲೆಕ್ಕ ಹಾಕಿದರೆ ಹೋಗಿಬರಲು ಎಪ್ಪತ್ತು ಚಿಲ್ಲರೆ. ಗಣೇಬೈಲ, ದೇಸೂರ, ಮಚ್ಛೆ, ಪೀರನವಾಡಿ ದಾಟಿ ಬರುವ ದಾರಿ. ಡಯಾಲಿಸಿಸ್ ಮುಗಿಸಿ ಸುಸ್ತಾದ ಆಯಿಯನ್ನು ಜುಲೈ ತಿಂಗಳ ಮಳೆಯಲ್ಲಿ ದಾರಿ ಬದಿ ಕೂರಿಸಿಕೊಂಡು ಟೋ ಗಾಡಿಗೆ ಕಾಯುವ ಪರಿಸ್ಥಿತಿ ಯಾರಿಗೂ ಬೇಡ. ಆ ಮನೆಯವರ ಚಿಂತೆ ಅದೇ ಆಗಿತ್ತು, ಯಾಕೆಂದರೆ ನಿಲ್ಲಿಸಿದಲ್ಲೆಲ್ಲ ಗಾಡಿ ಕರಿ ಹನಿ ಬಿಡುತ್ತಿತ್ತು.

ಊರ ಕಡೆಯ ಒಂದು ಗ್ಯಾರೇಜಿನಲ್ಲಿ ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಾಯಿಸಿ ಎಂಟು ತಿಂಗಳಾಗಿತ್ತು. ಆಮೇಲೂ ಸೋರಿತು. ಎರಡು ಸಲ ಬೋಲ್ಟ್ ಟೈಟ್ ಮಾಡಿಸಿದರು. ಮತ್ತೂ ಸೋರಿತು. ಕೊನೆಗೆ ಮಿಸ್ತ್ರಿ ಹೇಳಿದ್ದು: "ಪ್ಯಾಕಿಂಗ್ ಹೊಸಾದು ಐತಿ, ಅಲ್ಲಿಂದಲ್ಲ. ಎಣ್ಣಿ ಗೇರ್ ಬಾಕ್ಸ್ ಕಡೆ ಬೀಳಾಕತ್ತೈತಿ. ಹಿಂದಿನ ಆಯಿಲ್ ಸೀಲ್ ಹೋಗೈತಿ, ಗೇರ್ ಬಾಕ್ಸ್ ಇಳಿಸಬೇಕು." ಕ್ಲಚ್ ಪ್ಲೇಟೂ ಸೇರಿ ಹೇಳಿದ ಖರ್ಚು ಆ ಮನೆಗೆ ಒಂದು ತಿಂಗಳ ಔಷಧದ ದುಡ್ಡಿಗಿಂತ ಜಾಸ್ತಿ. ಮಿಸ್ತ್ರಿಯ ತರ್ಕ ತೆಗೆದುಹಾಕುವಂಥದ್ದಲ್ಲ, ನೋಡ್ರಿ. ಹೊಸ ಪ್ಯಾಕಿಂಗ್ ಸೋರಲ್ಲ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಆ ತರ್ಕದಲ್ಲಿ ಒಂದು ಮಾತು ಪರೀಕ್ಷೆ ಆಗಿರಲಿಲ್ಲ: ಹನಿ ಬಿದ್ದ ಜಾಗವೇ ಸೋರಿದ ಜಾಗ ಅಂತ ಯಾರು ಹೇಳಿದರು?

ಮೊದಲು, ಅದು ಎಂಜಿನ್ ಆಯಿಲೇ ಹೌದಾ?

ಕಾರಿನ ಹೊಟ್ಟೆಯಲ್ಲಿ ಐದಾರು ಬಗೆಯ ದ್ರವಗಳಿವೆ. ಬಿಳಿ ರಟ್ಟು ಇಲ್ಲವೇ ಹಳೇ ಪೇಪರ್ ಗಾಡಿ ಕೆಳಗೆ ಹಾಸಿ ರಾತ್ರಿಯಿಡೀ ಬಿಡ್ರಿ, ಬೆಳಿಗ್ಗೆ ಬಣ್ಣ ನೋಡಿ, ಬೆರಳಲ್ಲಿ ತಿಕ್ಕಿ, ಮೂಸಿ ನೋಡಿ. ಎಂಜಿನ್ ಆಯಿಲ್ ಹೊಸದಿದ್ದರೆ ಜೇನುತುಪ್ಪದ ಬಣ್ಣ, ಹಳೆಯದಾದರೆ ಕಂದು ಇಲ್ಲವೇ ಕಪ್ಪು, ಸುಟ್ಟ ವಾಸನೆ. ಗೇರ್ ಆಯಿಲ್ ಇನ್ನೂ ದಪ್ಪ, ಅದರಲ್ಲಿ ಗಂಧಕದ ಸಂಯುಕ್ತಗಳಿರುವುದರಿಂದ ಕೊಳೆತ ತತ್ತಿಯಂಥ ವಾಸನೆ, ಒಮ್ಮೆ ಮೂಸಿದವರು ಮರೆಯಲ್ಲ. ಕೂಲೆಂಟ್ ಹಸಿರು ಇಲ್ಲವೇ ಕೆಂಪು, ಸಿಹಿ ವಾಸನೆ, ನೀರಿನ ಹಾಗೆ ತೆಳು. ಅದು ವಿಷ, ಬಾಯಿಗೆ ಇಡಬೇಡಿ. ಬ್ರೇಕ್ ಆಯಿಲ್ ಚಕ್ರದ ಹತ್ತಿರ ಅಥವಾ ಪೆಡಲ್ ಕಡೆ ಕಂಡರೆ ಈ ಲೇಖನ ಪಕ್ಕಕ್ಕಿಟ್ಟು ಗಾಡಿ ಓಡಿಸೋದು ನಿಲ್ಲಿಸಿ. ಎಸಿ ನೀರಿಗೆ ಮಾತ್ರ ಹೆದರಬೇಕಾಗಿಲ್ಲ.

ನಮ್ಮ ಆಲ್ಟೊ ಬಿಟ್ಟಿದ್ದು ಕಪ್ಪು, ತೆಳು, ಗಂಧಕದ ವಾಸನೆ ಇಲ್ಲದ ಎಣ್ಣೆ. ಅಂದರೆ ಎಂಜಿನ್ ಆಯಿಲ್. ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್, ಆಕ್ಸಲ್ ಸೀಲ್ ಎರಡೂ ಇಷ್ಟಕ್ಕೇ ಪಟ್ಟಿಯಿಂದ ಹೊರಗೆ ಹೋದವು. ಮೂಗಿಗೆ ಖರ್ಚಿಲ್ಲ.

ಹನಿ ಯಾವಾಗ ಬೀಳುತ್ತೆ ಅನ್ನೋದು

ನಮ್ಮ ಪ್ರಕಾರ ಸೋರಿಕೆ ಹುಡುಕುವಾಗ "ಎಲ್ಲಿ" ಅನ್ನುವ ಪ್ರಶ್ನೆಗಿಂತ ಮುಂಚೆ "ಯಾವಾಗ" ಅಂತ ಕೇಳಬೇಕು. ಫ್ಲೂಯಿಡ್ ಮೆಕ್ಯಾನಿಕ್ಸ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತೆ.

ಎಂಜಿನ್ನಿನ ಒಳಗೆ ಎಣ್ಣೆ ಮೂರು ಸ್ಥಿತಿಯಲ್ಲಿ ಇರುತ್ತದೆ. ಕೆಳಗೆ ಚೇಂಬರಿನಲ್ಲಿ, ಅಂದರೆ ನಮ್ಮ ಪುಸ್ತಕದ ಸಂಪಿನಲ್ಲಿ, ಸುಮ್ಮನೆ ನಿಂತ ಎಣ್ಣೆ. ಅಲ್ಲಿ ಬರೀ ಕೆಲವು ಸೆಂಟಿಮೀಟರ್ ಎತ್ತರದ ಒತ್ತಡ. ಪಂಪಿನಿಂದ ಫಿಲ್ಟರ್, ಗ್ಯಾಲರಿ, ಬೇರಿಂಗ್ ತನಕ ಒತ್ತಡದ ಎಣ್ಣೆ. ಗಾಡಿ ಓಡುವಾಗ ಅಲ್ಲಿ ಮೂರು-ನಾಲ್ಕು ಬಾರ್ ಇರುವುದು ಸಾಮಾನ್ಯ, ಎಂಜಿನ್ ಆಫ್ ಮಾಡಿದ ಕೂಡಲೇ ಇಳಿಯುತ್ತದೆ. ಮೂರನೆಯದು ಮೇಲೆ, ಹೆಡ್ಡಿನ ಒಳಗೆ ಕ್ಯಾಮ್ ಸುತ್ತ ಎರಚಾಡಿ, ತೂತುಗಳ ಮೂಲಕ ನಿಧಾನಕ್ಕೆ ಕೆಳಗೆ ಇಳಿಯುವ ಎಣ್ಣೆ.

ಈಗ ಲೆಕ್ಕ ಸುಲಭ. ರಾತ್ರಿಯಿಡೀ, ಬೆಳಗಿನ ತನಕ ಒಂದೇ ಸಮ ಹನಿ ಬಿದ್ದರೆ ನಿಂತ ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಎಲ್ಲೋ ದಾರಿ ಇದೆ: ಡ್ರೈನ್ ಬೋಲ್ಟ್, ಅದರ ವಾಷರ್, ಚೇಂಬರ್ ಪ್ಯಾಕಿಂಗ್, ಕಲ್ಲು ಬಡಿದು ಸೀಳಿದ ಚೇಂಬರ್ ತಗಡು. ಎಂಜಿನ್ ಚಾಲೂ ಇದ್ದಾಗ ಮಾತ್ರ, ಅದೂ ಜೋರಾಗಿ ಸೋರಿದರೆ ಒತ್ತಡದ ಕಡೆ ನೋಡಿ: ಆಯಿಲ್ ಪ್ರೆಷರ್ ಸ್ವಿಚ್, ಫಿಲ್ಟರಿನ ರಬ್ಬರ್ ರಿಂಗು. ಗಾಡಿ ನಿಲ್ಲಿಸಿದ ಮೇಲೆ ಅರ್ಧ ತಾಸು, ಒಂದು ತಾಸು ಹನಿ ಬಿದ್ದು ಆಮೇಲೆ ತಾನೇ ನಿಂತರೆ ಮೇಲಿನ ಎಣ್ಣೆಯ ಮೇಲೆ ಅನುಮಾನ ಜಾಸ್ತಿ. ಕ್ರ್ಯಾಂಕಿನ ಹಿಂದಿನ ಸೀಲ್ ನಿಂತ ಎಣ್ಣೆಯ ಮಟ್ಟಕ್ಕಿಂತ ಮೇಲಿರುತ್ತದೆ, ಅದೂ ಓಡುವಾಗಲೇ ಸೋರುವುದು. ಆದರೆ ಬೆಲ್ ಹೌಸಿಂಗ್ ಒಳಗೆ ಕೂಡಿದ್ದು ಆಮೇಲೆ ತೊಟ್ಟಿಕ್ಕುತ್ತದೆ. ಹಂಗಾಗಿ ಸಮಯ ನೋಡಿ ಅಷ್ಟಕ್ಕೇ ತೀರ್ಪು ಕೊಡುವಂತಿಲ್ಲ, ಪಟ್ಟಿ ಸಣ್ಣದಾಗುತ್ತದೆ ಅಷ್ಟೇ.

ಆಲ್ಟೊ ಬೆಳಗಾವಿಗೆ ಬಂದು ನಿಂತ ದಿನ ನಾವು ಪೇಪರ್ ಹಾಸಿ ಎಣಿಸಿದೆವು. ಮೊದಲ ಒಂದು ತಾಸಿನಲ್ಲಿ ಇಪ್ಪತ್ತರ ಆಸುಪಾಸು ಹನಿ, ಎರಡನೇ ತಾಸಿನಲ್ಲಿ ಎರಡೋ ಮೂರೋ, ಆಮೇಲೆ ಇಲ್ಲ. ಚೇಂಬರ್ ಕಡೆಯದು ಯಾವುದೂ ಅಲ್ಲ ಅಂತ ಇಷ್ಟಕ್ಕೇ ಗೊತ್ತಾಯಿತು.

ಇನ್ನೊಂದು ಲೆಕ್ಕ ಮಾಡಿದೆವು. ಒಂದು ಮಿಲಿಲೀಟರಿಗೆ ಇಪ್ಪತ್ತರಿಂದ ಮೂವತ್ತು ಹನಿ ಹಿಡಿಯಿರಿ. ಹಂಗಂದ್ರ ಒಂದು ಸಲ ನಿಲ್ಲಿಸಿದರೆ ಒಂದು ಮಿಲಿಲೀಟರ್ ಹೋಯಿತು. ದಿನಕ್ಕೆ ಎರಡು-ಮೂರು ಸಲ ನಿಲ್ಲಿಸಿದರೂ ಮೂರು ವಾರಕ್ಕೆ ಐವತ್ತು-ಅರವತ್ತು ಮಿಲಿಲೀಟರ್. ಆದರೆ ಕಾಕಾ ಮೂರು ವಾರಕ್ಕೊಮ್ಮೆ ಕಾಲು ಲೀಟರಿಗಿಂತ ಜಾಸ್ತಿ ಎಣ್ಣೆ ಹಾಕುತ್ತಿದ್ದರು. ಉಳಿದದ್ದು ಎಲ್ಲಿ? ಸ್ವಲ್ಪ ಸುಟ್ಟಿರಬಹುದು, ಹಳೇ ಎಂಜಿನ್. ನೀಲಿ ಹೊಗೆ ಮಾತ್ರ ಕಾಣುತ್ತಿರಲಿಲ್ಲ. ಬಹುಪಾಲು ಖಾನಾಪುರ ರೋಡಿನ ಮೇಲೇ ಹೋಗಿತ್ತು. ಅಂದರೆ ನಿಂತಾಗ ಕಾಣುವ ಹನಿಗಿಂತ ಓಡುವಾಗಿನ ಸೋರಿಕೆ ದೊಡ್ಡದು, ಅದೂ ಜೋರಾಗಿ ಓಡಿಸಿದಾಗ. ಈ ಒಂದು ಮಾತು ಮುಂದೆ ಕೆಲಸಕ್ಕೆ ಬಂತು.

ಮನೆಯವರಿಗೆ ನಾವು ಹೇಳಿದ್ದು ಇನ್ನೂ ಒಂದಿದೆ. ಇಂಥ ಸಣ್ಣ ಎಂಜಿನ್ನಿನ ಒಟ್ಟು ಎಣ್ಣೆ ಸುಮಾರು ಮೂರು ಲೀಟರ್. ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ ಇರುವುದು ಹೆಚ್ಚೆಂದರೆ ಒಂದು ಲೀಟರ್. ಕೆಳಗಿನ ಗುರುತಿಗಿಂತ ಇಳಿದರೆ ಏರಿನಲ್ಲೋ ತಿರುವಿನಲ್ಲೋ ಎಣ್ಣೆ ಒಂದು ಕಡೆ ವಾಲಿ ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಕೆಂಪು ದೀಪ ಹತ್ತುವ ಹೊತ್ತಿಗೆ ಬೇರಿಂಗಿನ ಎಣ್ಣೆ ಪೊರೆ ಹರಿದಿರುತ್ತದೆ. ಕೆಂಪು ದೀಪ ಕಂಡರೆ "ಮುಂದಿನ ಊರು ಮುಟ್ಟಿಸೋಣ" ಅನ್ನಬೇಡಿ, ಅಲ್ಲೇ ಬದಿಗೆ ನಿಲ್ಲಿಸಿ ಆಫ್ ಮಾಡಿ.

ತೊಳಿ, ಓಡಿಸು, ನೋಡು

ಸೋರಿದ ಎಣ್ಣೆ ಎರಡು ಶಕ್ತಿಗಳ ಮಾತು ಕೇಳುತ್ತದೆ: ಗುರುತ್ವ ಕೆಳಗೆ ಎಳೆಯುತ್ತದೆ, ಗಾಡಿ ಕೆಳಗಿನ ಗಾಳಿ ಹಿಂದಕ್ಕೆ ತಳ್ಳುತ್ತದೆ. ಹಂಗಾಗಿ ಮೂಲ ಯಾವಾಗಲೂ ಹಸಿ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ. ಆದರೆ ವರ್ಷಗಟ್ಟಲೆ ಧೂಳು, ಕೆಂಪು ಕೆಸರು, ಎಣ್ಣೆ ಕಲಸಿ ರೊಟ್ಟಿ ಹಿಟ್ಟಿನಂತೆ ಅಂಟಿಕೊಂಡ ಎಂಜಿನ್ನಿನಲ್ಲಿ ಮೇಲೆ ಯಾವುದು, ಕೆಳಗೆ ಯಾವುದು? ತೊಳೆಯದೆ ಹುಡುಕುವುದು ಸುಮ್ಮನೆ ಶಾಸ್ತ್ರ ಕೇಳಿದ ಹಾಗೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರ್ ಮತ್ತು ವೈರಿನ ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆವು. ಡಿಗ್ರೀಸರ್ ಹಚ್ಚಿ, ಹಳೇ ಬ್ರಷ್‌ನಿಂದ ತಿಕ್ಕಿ, ಸಾಬೂನು ನೀರು, ಆಮೇಲೆ ಒಣಬಟ್ಟೆ. ಪೆಟ್ರೋಲಿನಿಂದ ತೊಳೆಯುವ ಚಟ ಕೆಲವು ಕಡೆ ಇದೆ, ಅದು ಬೇಡ, ಒಂದು ಕಿಡಿ ಸಾಕು. ಗಾಡಿ ಕೆಳಗೆ ಹೋಗುವವರು ಬರೀ ಜಾಕ್ ನಂಬಿ ಹೋಗಬಾರದು. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲು ಇಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿದ ಮೇಲೇ ತಲೆ ಒಳಗೆ ಹಾಕಬೇಕು. ಇದನ್ನು ಬರೆದು ಬರೆದು ಎಲ್ಲರಿಗೂ ಬೇಜಾರಾಗಿದೆ, ಆದರೂ ಬರೆಯುತ್ತೇವೆ.

ಒಣಗಿದ ಮೇಲೆ ಅನುಮಾನದ ಜಾಗಗಳಿಗೆಲ್ಲ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿದೆವು. ಟ್ಯಾಪೆಟ್ ಕವರಿನ ಸುತ್ತ, ಹೆಡ್ಡು-ಬ್ಲಾಕ್ ಸೇರುವಲ್ಲಿ, ಪ್ರೆಷರ್ ಸ್ವಿಚ್ ಬುಡಕ್ಕೆ, ಬೆಲ್ ಹೌಸಿಂಗ್ ಮೇಲೆ. ಬಿಳಿ ಪುಡಿಯ ಮೇಲೆ ಎಣ್ಣೆ ಎಷ್ಟು ಸಣ್ಣ ಗೆರೆ ಎಳೆದರೂ ಕಾಣುತ್ತದೆ. ಎಣ್ಣೆಗೆ ಬೆರೆಸುವ ಫ್ಲೋರೊಸೆಂಟ್ ಡೈ ಮತ್ತು ಯುವಿ ಟಾರ್ಚು ಸಿಕ್ಕರೆ ಇನ್ನೂ ಚೊಲೋ. ನಮಗೆ ಪೌಡರೇ ಸಾಕಾಯಿತು.

ಮೊದಲು ಹತ್ತು ನಿಮಿಷ ಐಡ್ಲಿಂಗ್. ಏನೂ ಇಲ್ಲ. ಪುಡಿ ಬೆಳ್ಳಗೇ ಇತ್ತು. ಇಲ್ಲಿಗೇ ಬಿಟ್ಟಿದ್ದರೆ "ಮೇಲೆ ಏನೂ ಇಲ್ಲ, ಹಿಂದಿನ ಸೀಲೇ" ಅಂದುಬಿಡುತ್ತಿದ್ದೆವು. ಆದರೆ ಸೋರಿಕೆ ಜೋರಾಗಿ ಓಡಿಸಿದಾಗಿನದು ಅಂತ ಲೆಕ್ಕ ಆಗಲೇ ಹೇಳಿತ್ತಲ್ಲ. ಉದ್ಯಮಬಾಗದಿಂದ ಮಚ್ಛೆ ದಾಟಿ ದೇಸೂರ ತನಕ, ವೇಗಮಿತಿಯೊಳಗೇ, ಮೂರನೇ ಗೇರಿನಲ್ಲಿ ಎಂಜಿನ್ ಸ್ವಲ್ಪ ಕೂಗುವಂತೆ ಓಡಿಸಿ ಹೊರಳಿ ಬಂದೆವು. ಬಾನೆಟ್ ಎತ್ತಿ ಟಾರ್ಚ್ ಬಿಟ್ಟರೆ, ಟ್ಯಾಪೆಟ್ ಕವರಿನ ಗೇರ್ ಬಾಕ್ಸ್ ಕಡೆಯ ಹಿಂಬದಿ ಮೂಲೆಯಿಂದ ಒಂದು ಕಂದು ಗೆರೆ. ಹೆಡ್ಡಿನ ಬೆನ್ನ ಮೇಲಿಂದ ಇಳಿದು, ಬ್ಲಾಕ್ ದಾಟಿ, ಬೆಲ್ ಹೌಸಿಂಗಿನ ನೆತ್ತಿಗೆ ಬಂದು, ಅದರ ಬೆನ್ನು ಬಳಸಿ ಕೆಳಗೆ. ಹನಿ ಬೀಳುವ ಜಾಗ ಮಿಸ್ತ್ರಿ ತೋರಿಸಿದ್ದೇ, ಕರೆಕ್ಟ್. ಎಣ್ಣೆ ಹೊರಟ ಜಾಗ ಅರ್ಧ ಮೀಟರ್ ಮೇಲಿತ್ತು.

ಬೆಲ್ ಹೌಸಿಂಗಿನ ನೆತ್ತಿ ಹಸಿಯಾಗಿದೆ ಅನ್ನುವುದೇ ದೊಡ್ಡ ಸಾಕ್ಷಿ. ಒಳಗಿನ ಸೀಲ್ ಸೋರಿದರೆ ಎಣ್ಣೆ ಒಳಗಿಂದ ಕೆಳಕ್ಕೆ ಬರಬೇಕು, ನೆತ್ತಿಗೆ ಏರಲ್ಲ. ಆದರೂ ಎರಡೂ ಕಡೆ ಒಟ್ಟಿಗೆ ಸೋರಬಾರದು ಅಂತೇನೂ ಕಾನೂನಿಲ್ಲ. ಹೌಸಿಂಗಿನ ಕೆಳಗಿನ ತಗಡಿನ ಪ್ಲೇಟ್ ಬಿಚ್ಚಿ, ತಂತಿಗೆ ಹತ್ತಿ ಸುತ್ತಿ ಒಳಗೆ ಒರೆಸಿ ತೆಗೆದೆವು. ಒಣ ಕ್ಲಚ್ ಧೂಳು ಬಿಟ್ಟು ಬೇರೇನೂ ಬರಲಿಲ್ಲ. ಕ್ಲಚ್ಚೂ ಜಾರುತ್ತಿರಲಿಲ್ಲ. ಗೇರ್ ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಮುಗೀತು.

ಹೊಸ ಪ್ಯಾಕಿಂಗ್ ಯಾಕೆ ಸೋರಿತು?

ಇಲ್ಲಿಗೆ ನಿಲ್ಲಿಸಿ ಇನ್ನೊಂದು ಪ್ಯಾಕಿಂಗ್ ಹಾಕಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ. ಸೋರಿದ ಜಾಗ ಸಿಕ್ಕರೆ ಕಾರಣ ಸಿಕ್ಕ ಹಾಗಲ್ಲ. ಎಂಟು ತಿಂಗಳ ರಬ್ಬರ್ ತಾನಾಗಿ ಸಾಯುವ ವಯಸ್ಸಲ್ಲ.

ಪಿಸ್ಟನ್ ರಿಂಗ್ ಎಷ್ಟೇ ಚೊಲೋ ಇದ್ದರೂ ದಹನದ ಅನಿಲ ಸ್ವಲ್ಪ ಕೆಳಗೆ ನುಸುಳಿ ಕ್ರ್ಯಾಂಕ್‌ಕೇಸಿಗೆ ಬರುತ್ತದೆ. ಇದಕ್ಕೆ ಬ್ಲೋ-ಬೈ ಅಂತಾರೆ. ಆ ಅನಿಲ ಹೊರಗೆ ಹೋಗಲು ದಾರಿ ಬೇಕು. ಹಳೇ ಕಾಲದ ಗಾಡಿಗಳಲ್ಲಿ ಒಂದು ಪೈಪು ಕೆಳಗೆ ರಸ್ತೆಗೆ ಬಿಟ್ಟಿರುತ್ತಿದ್ದರು, ಹೊಗೆಯೆಲ್ಲ ಊರಿಗೆ. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮಾಲಿನ್ಯದ ಗಲಾಟೆಯಲ್ಲಿ ಆ ಪೈಪಿಗೆ ಬದಲಾಗಿ ಪಿಸಿವಿ ಬಂತು: ಒಂದು ವಾಲ್ವ್, ಒಂದು ರಬ್ಬರ್ ಪೈಪು, ಅನಿಲ ವಾಪಸ್ ಇನ್‌ಟೇಕಿಗೆ ಹೋಗಿ ಸುಡುತ್ತದೆ. ನಮ್ಮ ಗ್ಯಾರೇಜ್ ಭಾಷೆಯಲ್ಲಿ ಇದೆಲ್ಲ ಸೇರಿ "ಬ್ರೀದರ್". ಎಂಜಿನ್ ಉಸಿರಾಡೋ ಮೂಗು.

ಮೂಗು ಕಟ್ಟಿದರೆ? ಒಂದು ಅಂದಾಜು ಮಾಡ್ರಿ. ಟ್ಯಾಪೆಟ್ ಕವರ್ 35 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ ಅಂತ ಹಿಡಿಯಿರಿ, 525 ಚದರ ಸೆಂ.ಮೀ. ಒಳಗೆ ಬರೀ 0.05 ಬಾರ್ ಒತ್ತಡ ಕೂಡಿದರೂ ಕವರಿನ ಮೇಲೆ ಬೀಳುವ ಬಲ 260 ನ್ಯೂಟನ್ ಚಿಲ್ಲರೆ, ಅಂದರೆ ಸುಮಾರು 27 ಕಿಲೋ ಭಾರದಷ್ಟು. ಬೋಲ್ಟ್‌ಗಳಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಈ ಪ್ಯಾಕಿಂಗ್ ಮಾಡಿದ್ದು ಎರಚುವ ಎಣ್ಣೆಯನ್ನು ತಡೆಯೋಕೆ, ಒತ್ತಡ ತಡೆಯೋಕಲ್ಲ. ಎಲ್ಲಿ ಹಿಡಿತ ಕಡಿಮೆಯೋ ಅಲ್ಲಿಂದ ಅನಿಲ ಎಣ್ಣೆಯನ್ನು ತಳ್ಳಿಕೊಂಡು ಹೊರಬೀಳುತ್ತದೆ. ಎಂಜಿನ್ ಜೋರಾಗಿ ಓಡಿದಷ್ಟೂ ಬ್ಲೋ-ಬೈ ಜಾಸ್ತಿ. ಐಡ್ಲಿಂಗಿನಲ್ಲಿ ಕಾಣದ ಗೆರೆ ದೇಸೂರಿಗೆ ಹೋಗಿ ಬಂದಮೇಲೆ ಕಂಡದ್ದು ಹಿಂಗ.

ಪರೀಕ್ಷೆ ಸರಳ. ಎಂಜಿನ್ ಐಡ್ಲಿಂಗಿನಲ್ಲಿ ಇಟ್ಟು ಎಣ್ಣೆ ಹಾಕುವ ಮುಚ್ಚಳ ತೆಗೆದು ಬಾಯಿಗೆ ಒಂದು ತೆಳು ಕಾಗದ ಹಿಡಿಯಿರಿ. ಎಣ್ಣೆ ಸಿಡಿಯುತ್ತದೆ, ಮುಖ ದೂರ ಇರಲಿ. ಬೆಲ್ಟು, ಫ್ಯಾನಿನ ಕಡೆ ಕೈ ಬೇಡ. ಮೂಗು ಸರಿ ಇದ್ದರೆ ಕಾಗದ ಮೆಲ್ಲಗೆ ಒಳಕ್ಕೆ ಅಂಟಬೇಕು. ನಮ್ಮ ಕಾಗದ ಹಾರಿಹೋಯಿತು. ಪಿಸಿವಿ ವಾಲ್ವ್ ತೆಗೆದು ಅಲ್ಲಾಡಿಸಿದರೆ ಒಳಗಿನ ಕಾಯಿ ಟಕಟಕ ಅನ್ನಬೇಕು. ಇದು ಮೂಕ. ಪೈಪು ಬಿದಿರಿನ ಹಾಗೆ ಗಟ್ಟಿಯಾಗಿತ್ತು, ಒಳಗೆ ಡಾಂಬರಿನಂಥ ಗಸಿ ತುಂಬಿ ಕಡ್ಡಿ ತೂರುವಷ್ಟು ಮಾತ್ರ ದಾರಿ ಉಳಿದಿತ್ತು.

ಗಸಿ ಎಲ್ಲಿಂದ ಬಂತು ಅಂದರೆ, ಈ ಗಾಡಿಯ ಹಳೇ ಜೀವನದಿಂದ. ವರ್ಷಗಟ್ಟಲೆ ಅದು ಓಡಿದ್ದು ಊರಿಂದ ಖಾನಾಪುರಕ್ಕೆ ಎಂಟು-ಹತ್ತು ಕಿಲೋಮೀಟರ್. ಎಣ್ಣೆ ಪೂರ್ತಿ ಬಿಸಿಯಾಗುವ ಮುಂಚೆಯೇ ಎಂಜಿನ್ ಆಫ್. ಪೆಟ್ರೋಲ್ ಸುಟ್ಟಾಗ ನೀರಿನ ಆವಿ ಹುಟ್ಟುತ್ತದೆ, ಬ್ಲೋ-ಬೈ ಜೊತೆ ಒಳಗೆ ಬರುತ್ತದೆ, ತಣ್ಣನೆಯ ಎಂಜಿನ್ನಿನಲ್ಲಿ ಹನಿಗಟ್ಟಿ ಎಣ್ಣೆಯ ಜೊತೆ ಕಲಸುತ್ತದೆ. ಖಾನಾಪುರ ತಾಲೂಕಿನ ಮಳೆ-ಥಂಡಿ ಗೊತ್ತಲ್ಲ ನಿಮಗೆ. ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಕಂಡಿದ್ದರೆ ಅದು ಇದೇ. (ಕೂಲೆಂಟ್ ಕಡಿಮೆಯಾಗುತ್ತಾ ಇದ್ದು ಡಿಪ್‌ಸ್ಟಿಕ್ಕಿನ ಎಣ್ಣೆಯೂ ಹಾಲು ಬೆರೆತ ಚಹಾದ ಹಾಗಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಅಂತ ಹೆದರಬೇಕು.) ಸಣ್ಣ ಓಡಾಟದ ಕಾಲದಲ್ಲಿ ಮೂಗು ನಿಧಾನಕ್ಕೆ ಕಟ್ಟಿತು. ಆಗ ವೇಗವಿಲ್ಲ, ಬ್ಲೋ-ಬೈ ಕಡಿಮೆ, ನಡೀತು. ಆಯಿಯ ಆಸ್ಪತ್ರೆ ಓಡಾಟ ಶುರುವಾಗಿ ಹೈವೇ ಮೇಲೆ ತಾಸುಗಟ್ಟಲೆ ಓಡಿದಾಗ ಒತ್ತಡ ದಾರಿ ಹುಡುಕಿತು.

ಬಿಚ್ಚಿ ಹಾಕಿದ್ದು

ಕವರ್ ತೆಗೆದಾಗ ಪ್ಯಾಕಿಂಗಿನ ಆ ಮೂಲೆ ಚಪ್ಪಟೆಯಾಗಿ ತನ್ನ ಗಾಡಿ ಬಿಟ್ಟು ಹೊರಗೆ ಜಾರಿತ್ತು. ಸೋರಿದಾಗಲೆಲ್ಲ ಟೈಟ್ ಮಾಡಿದ್ದರ ಫಲ. ರಬ್ಬರನ್ನು ಒಂದು ಮಿತಿಯೊಳಗೆ ಒತ್ತಿದರೆ ಅದು ಸ್ಪ್ರಿಂಗಿನ ಹಾಗೆ ವಾಪಸ್ ಒತ್ತುತ್ತದೆ, ಆ ವಾಪಸ್ ಒತ್ತೋದೇ ಸೀಲಿಂಗ್. ಮಿತಿ ದಾಟಿದರೆ ಅದು ಹರಿದು ಪಕ್ಕಕ್ಕೆ ಸರಿಯುತ್ತದೆ, ಬೋಲ್ಟಿನ ಹತ್ತಿರ ಕವರ್ ಬಾಗುತ್ತದೆ, ಎರಡು ಬೋಲ್ಟಿನ ನಡುವೆ ಸಂದು ಬೀಳುತ್ತದೆ. "ಸೋರತೈತಿ, ಇನ್ನಷ್ಟ ಟೈಟ್ ಮಾಡು" ಅನ್ನೋದು ನಮ್ಮ ಕಡೆಯ ಅತಿ ದುಬಾರಿ ಸಲಹೆ.

ಕವರಿನ ಅಂಚಿಗೆ ಸ್ಕೇಲ್ ಇಟ್ಟು, ಫೀಲರ್ ಗೇಜ್ ತೂರಿಸಿ ಬಾಗಿದೆಯೋ ನೋಡಿದೆವು, ಪುಣ್ಯಕ್ಕೆ ನೆಟ್ಟಗಿತ್ತು. ಹಳೇ ಗಮ್ಮು ಕೆರೆಯಲು ಪ್ಲಾಸ್ಟಿಕ್ ಪಟ್ಟಿ ಬಳಸಿ. ಅಲ್ಯುಮಿನಿಯಂ ಹೆಡ್ಡನ್ನು ಸ್ಕ್ರೂಡ್ರೈವರಿನಿಂದ ಗೀಚಿದರೆ ಆ ಗೀಚೇ ಮುಂದಿನ ಸೋರಿಕೆ. ಕೆರೆದ ಚೂರು ಒಳಗೆ ಬೀಳದಂತೆ ಬಟ್ಟೆ ತುಂಬಿ, ಆಮೇಲೆ ಬಟ್ಟೆ ತೆಗೆಯೋದು ಮರೀಬೇಡಿ. ಹೊಸ ಪ್ಯಾಕಿಂಗ್ ಒಣಗಿದ, ಎಣ್ಣೆ ಇಲ್ಲದ ಮೇಲ್ಮೈ ಮೇಲೆ ಕೂರಬೇಕು. ಅನಾಬಾಂಡ್ ಥರದ ಸಿಲಿಕೋನ್ ಗಮ್ಮು ಮ್ಯಾನುಯಲ್ ಹೇಳಿದ ಮೂಲೆಗಳಲ್ಲಿ ಮಾತ್ರ, ಕಡಲೆಕಾಳಿನಷ್ಟು. ಸುತ್ತಲೂ ಟೂತ್‌ಪೇಸ್ಟ್ ಹಾಗೆ ಹಿಂಡಿದರೆ ಹೊರಗೆ ಉಬ್ಬಿದಷ್ಟೇ ಒಳಗೂ ಉಬ್ಬುತ್ತದೆ. ಒಳಗಿನದು ಒಣಗಿ, ಉದುರಿ, ಚೇಂಬರಿಗೆ ಹೋಗಿ ಪಂಪಿನ ಜಾಳಿಗೆ ಸಿಕ್ಕಿಕೊಳ್ಳುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ ಸೀಜ್ ಮಾಡಿದಂತಾಯಿತು.

ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು-ಮೂರು ಸುತ್ತಿನಲ್ಲಿ ಬಿಗಿದೆವು. ಇಂಥ ಸಣ್ಣ 6 ಮಿ.ಮೀ. ಬೋಲ್ಟಿಗೆ 10 ನ್ಯೂಟನ್-ಮೀಟರ್ ಹತ್ತಿರದ್ದೇ ಮೇಲಿನ ಮಿತಿ, ಎಷ್ಟೋ ಕವರುಗಳಿಗೆ ಅದರ ಅರ್ಧವೇ ಸಾಕು. ನಿಮ್ಮ ಗಾಡಿಯ ಮ್ಯಾನುಯಲ್ ಹೇಳಿದ್ದೇ ಅಂತಿಮ. ಟಾರ್ಕ್ ಪಾನಾ ಇಲ್ಲದಿದ್ದರೆ ಲೆಕ್ಕ ಮಾಡಿ: 12 ಸೆಂ.ಮೀ. ಉದ್ದದ ಪಾನಾದ ತುದಿಗೆ 10 ನ್ಯೂಟನ್-ಮೀಟರ್ ಅಂದರೆ ಎಂಟೂವರೆ ಕಿಲೋ ಭಾರ. ಕೈಯ ಪೂರ್ತಿ ಬಲ ಅಲ್ಲ, ಎರಡು ಬೆರಳಿನ ಬಲ.

ಪಿಸಿವಿ ವಾಲ್ವ್ ಹೊಸದು, ಪೈಪು ಹೊಸದು. ಪೈಪು ತರುವಾಗ ಎಣ್ಣೆ ತಡೆಯುವ ರಬ್ಬರಿನದೇ ಕೇಳಿ. ನೀರಿನ ಪೈಪು ಹಾಕಿದರೆ ಕೆಲವೇ ತಿಂಗಳಲ್ಲಿ ಉಬ್ಬಿ ಮೆತ್ತಗಾಗಿ ಒಳಕ್ಕೆ ಮುದುಡುತ್ತದೆ. ಎಣ್ಣೆ, ಫಿಲ್ಟರ್ ಬದಲಾಯಿಸಿದೆವು. ಎಲ್ಲ ಸೇರಿ ಗೇರ್ ಬಾಕ್ಸ್ ಲೆಕ್ಕದ ಕಾಲು ಭಾಗವೂ ಆಗಲಿಲ್ಲ, ಅದರಲ್ಲೂ ಜಾಸ್ತಿ ದುಡ್ಡು ಎಣ್ಣೆಯದೇ. ಆಮೇಲೆ ಕಾಗದ ಹಿಡಿದರೆ ಅಂಟಿಕೊಂಡಿತು. ಪೌಡರ್ ಹಾಕಿ ಮತ್ತೆ ದೇಸೂರಿಗೆ ಹೋಗಿ ಬಂದೆವು, ಬಿಳಿ ಬಿಳಿಯಾಗೇ ಇತ್ತು. ಕಾಕಾಗೆ ಇದೆಲ್ಲ ಹೇಳಿದರೆ ಅವರು ಕೇಳಿದ್ದು ಒಂದೇ: "ಶುಕ್ರವಾರ ಆಯಿನ ಕರ್ಕೊಂಡು ಬರಬಹುದಲ್ಲ?" ಬರಬಹುದು ಅಂದೆವು. ಆರು ವಾರದ ಮೇಲೆ ಡಿಪ್‌ಸ್ಟಿಕ್ ನೋಡಿದಾಗ ಮಟ್ಟ ಬೆರಳಿನ ಅಂಚಿನಷ್ಟು ಮಾತ್ರ ಇಳಿದಿತ್ತು.

ಉಳಿದ ಜಾಗಗಳ ಬಗ್ಗೆ ಎರಡೆರಡು ಮಾತು

ಡ್ರೈನ್ ಬೋಲ್ಟಿನ ವಾಷರ್ ಒಮ್ಮೆ ಬಳಸಿ ಎಸೆಯುವಂಥದ್ದು. ಮಾರುತಿ ಗಾಡಿಗಳ ಡ್ರೈನ್ ಬೋಲ್ಟಿಗೆ ಸಾಮಾನ್ಯವಾಗಿ ಹೇಳುವ ಬಿಗಿತ 35 ನ್ಯೂಟನ್-ಮೀಟರ್, 20 ಸೆಂ.ಮೀ. ಪಾನಾಕ್ಕೆ ಹದಿನೆಂಟು ಕಿಲೋ ಭಾರ. ಪಾನಾದ ಮೇಲೆ ಕಾಲಿಟ್ಟು ನಿಂತು ಬಿಗಿಯುವವರನ್ನು ನೋಡಿದ್ದೇವೆ, ಥ್ರೆಡ್ ಹೋಗುವುದು ಆಗಲೇ. ಹೋಯಿತು ಅಂದರೆ ಎಂ-ಸೀಲ್ ಮೆತ್ತಬೇಡಿ, ಥ್ರೆಡ್ ಇನ್ಸರ್ಟ್ ಹಾಕಿಸಿ. ಹೊಸ ಫಿಲ್ಟರ್ ಹಾಕಿದ ಮರುದಿನವೇ ಜೋರಾಗಿ ಸೋರಿದರೆ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿ ಉಳಿದು, ಅದರ ಮೇಲೆ ಇನ್ನೊಂದು ಕೂತಿರಬಹುದು. ಪ್ರೆಷರ್ ಸ್ವಿಚ್ಚಿನ ವೈರ್ ಕ್ಲಿಪ್ ತೆಗೆದಾಗ ಒಳಗೆ ಎಣ್ಣೆ ಇದ್ದರೆ ಸ್ವಿಚ್ಚೇ ಸೋರುತ್ತಿದೆ, ಅಗ್ಗದ ಭಾಗ, ಬದಲಿಸಿ. ಟೈಮಿಂಗ್ ಬೆಲ್ಟ್ ಕಡೆ ಎಣ್ಣೆ ಕಂಡರೆ ತಡಮಾಡಬೇಡಿ, ಎಣ್ಣೆ ಕುಡಿದ ಬೆಲ್ಟ್ ಬಾಳುವುದಿಲ್ಲ. ಎಣ್ಣೆ ಎಕ್ಸಾಸ್ಟ್ ಮೇಲೆ ಬಿದ್ದು ಹೊಗೆ ಏಳುತ್ತಿದ್ದರೂ ಅಷ್ಟೇ, ಬೆಂಕಿಯ ಮಾತದು. "ಲೀಕ್ ಸ್ಟಾಪ್" ಡಬ್ಬಿಗಳು ರಬ್ಬರನ್ನು ಉಬ್ಬಿಸಿ ನಾಲ್ಕು ದಿನ ತಳ್ಳುತ್ತವೆ, ಜಾರಿದ ಪ್ಯಾಕಿಂಗನ್ನು ವಾಪಸ್ ಕೂರಿಸಲ್ಲ.

ಹಿಂದಿನ ಸೀಲ್ ನಿಜವಾಗಿ ಹೋಗುವುದೂ ಉಂಟು. ಈ ತುಟಿಯಂಥ ಶಾಫ್ಟ್ ಸೀಲಿನ ಕಥೆಯೇ ಒಂದು ಚಂದದ ಕಥೆ: ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಮೂಲದಲ್ಲಿ ತೊಗಲು ಹದ ಮಾಡುವ ಕಂಪನಿ, 1930ರ ಆಸುಪಾಸಿನಲ್ಲಿ ಅಲ್ಲಿನ ವಾಲ್ಟರ್ ಸಿಮ್ಮರ್ ತೊಗಲಿನಿಂದಲೇ ಇಂಥ ಸೀಲ್ ಮಾಡಿಸಿದ್ದು, ರಬ್ಬರ್ ಆಮೇಲೆ ಬಂತು. ಇವತ್ತಿಗೂ ಆ ತುಟಿ ಕೂರುವ ಶಾಫ್ಟಿನ ಮೇಲ್ಮೈ 0.2ರಿಂದ 0.8 ಮೈಕ್ರಾನ್ ಒರಟುತನದ ಒಳಗೆ ಇರಬೇಕು. ತೀರಾ ನುಣುಪಾದರೂ ಕೆಟ್ಟದ್ದು, ಎಣ್ಣೆಯ ಪೊರೆ ನಿಲ್ಲದೆ ತುಟಿ ಸುಡುತ್ತದೆ. ಗ್ರೈಂಡಿಂಗಿನ ಗೆರೆ ಸ್ವಲ್ಪ ಓರೆಯಾಗಿ ಸುರುಳಿ ಬಿದ್ದರೆ ಆ ಸುರುಳಿ ಸ್ಕ್ರೂ ಪಂಪಿನ ಹಾಗೆ ಎಣ್ಣೆಯನ್ನು ಹೊರಗೆ ಎಳೆಯುತ್ತದೆ, ಸೀಲ್ ಎಷ್ಟು ಸಲ ಬದಲಿಸಿದರೂ. ನಮ್ಮ ಬೆಳಗಾವಿ ಫೌಂಡ್ರಿಗೆ, ಕ್ರ್ಯಾಂಕ್‌ಶಾಫ್ಟಿಗೆ ಹೆಸರಾದ ಊರು. ಇಂಟರ್ನ್‌ಶಿಪ್ ಅಂತ ಉದ್ಯಮಬಾಗಕ್ಕೆ ಹೋದಾಗ ಗ್ರೈಂಡಿಂಗ್ ಮಷಿನ್ ಮುಂದಿನ ಅಣ್ಣನನ್ನು ಈ ಗೆರೆಯ ಬಗ್ಗೆ ಕೇಳಿ ನೋಡ್ರಿ, ಪುಸ್ತಕದಲ್ಲಿ ಇಲ್ಲದ್ದು ಹೇಳುತ್ತಾರೆ.

ಕೊನೆಗೆ ಆ ಹಳೇ ಎಣ್ಣೆ. ನಮ್ಮ ಕಡೆ ಅದನ್ನು ಬೇಲಿ ಗೂಟಕ್ಕೆ ಬಳಿಯುತ್ತಾರೆ, ಗಟಾರಕ್ಕೆ ಸುರಿಯುತ್ತಾರೆ. ಖಾನಾಪುರದ ಗಟಾರ ಹೋಗುವುದು ಮಲಪ್ರಭೆಗೆ, ಮಲಪ್ರಭೆ ಹುಟ್ಟುವುದೇ ಅದೇ ತಾಲೂಕಿನ ಕಣಕುಂಬಿಯಲ್ಲಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. ಮನೆಯಲ್ಲಿ ಎಣ್ಣೆ ಬದಲಿಸಿದರೆ ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ನೀರು ಕೂಲೆಂಟ್ ಬೆರೆಸದೆ, ಹಳೇ ಎಣ್ಣೆ ಸಂಗ್ರಹಿಸುವ ದೊಡ್ಡ ಸರ್ವಿಸ್ ಸೆಂಟರಿಗೆ ಕೊಡಿ. ಫಿಲ್ಟರನ್ನು ಒಂದು ರಾತ್ರಿ ತಲೆಕೆಳಗಾಗಿಟ್ಟು ಬಸಿದ ಮೇಲೆ ಅದನ್ನೂ ಅಲ್ಲೇ ಕೊಡಬಹುದು. ಕೈಗೆ ಹತ್ತಿದ್ದನ್ನು ಪೆಟ್ರೋಲಿನಿಂದ ಅಲ್ಲ, ಸಾಬೂನು-ಹಿಟ್ಟಿನಿಂದ ತೊಳೆಯಿರಿ. ಜೋಳದ ಹಿಟ್ಟು ಬಹಳ ಚೊಲೋ ಎಳೆಯುತ್ತೆ.